ಗೇಣುದ್ದದ ಮೈಕು, ಮೊಳದುದ್ದದ ಹೊಟ್ಟೆಕಿಚ್ಚು

ನನಗೆ ಹೊಟ್ಟೆಕಿಚ್ಚಿನ ಸ್ವಭಾವವಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಮ್ಮ ಸಿಂಧನೂರಿನಲ್ಲಿ ಹೊಟ್ಟೆಕಿಚ್ಚು ಪಡಬೇಕೆನ್ನುವವರಿಗೆ ಕಾರಣಗಳ ಕೊರತೆಯೇನೂ ಇಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಗದ್ದೆ ಇದ್ದವರಿದ್ದಾರೆ, ಅಕ್ಕಿ ಗಿರಣಿ ಇದ್ದವರಿದ್ದಾರೆ, ಮೂರಂತಸ್ತಿನ ಮನೆ ಕಟ್ಟಿ ಹೊರಗೋಡೆಗೂ ಗಾಜು ಹೊದಿಸಿದವರಿದ್ದಾರೆ. ಅವರನ್ನೆಲ್ಲ ನೋಡಿಯೂ ಉಂಡು ತಣ್ಣಗೆ ಮಲಗಿದವನು ನಾನು. ಆದರೆ ಲಿಂಗಸುಗೂರಿನ ಮೈಬೂಬನ ಕ್ಯಾಮೆರಾದ ನೆತ್ತಿಯ ಮೇಲೆ ಗೇಣುದ್ದದ ಕರಿ ಕೊಳವೆಯೊಂದನ್ನು ಕಂಡ ದಿನದಿಂದ ನನಗೆ ಅನ್ನ ಸೇರದಾಯಿತು.

ನಾನು ಮದುವೆಗಳ ವಿಡಿಯೊ ತೆಗೆಯುವವನು. ಮೈಬೂಬನದೂ ಅದೇ ಕಸುಬು. ನನಗಿಂತ ಹತ್ತು ವರ್ಷ ಚಿಕ್ಕವನು. ಕಂಡಲ್ಲೆಲ್ಲ “ಸಲಾಂ ಅಣ್ಣಾ” ಎಂದು ಎದೆಯ ಮೇಲೆ ಕೈ ಇಡುತ್ತಾನೆ, ಚಹಾ ಕುಡಿಸದೆ ಬಿಡುವುದಿಲ್ಲ. ಇಷ್ಟು ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂಬುದು ಪಟ್ಟವರಿಗೇ ಗೊತ್ತು. ಕೆಟ್ಟವನಾಗಿದ್ದರೆ ನಾಲ್ಕು ಜನರ ಮುಂದೆ ಬೈದು ಹಗುರಾಗಬಹುದಿತ್ತು. ನನ್ನ ಪಾಲಿಗೆ ಆ ಸುಖವೂ ಇಲ್ಲ.

ಆ ಕರಿ ಕೊಳವೆ ಶಾಟ್‌ಗನ್ ಮೈಕು. ಹೆಸರಿನಲ್ಲಿ ಬಂದೂಕವಿದ್ದರೂ ಪಾಪದ ವಸ್ತು. ಕ್ಯಾಮೆರಾದ ಹೊಟ್ಟೆಯೊಳಗೇ ಒಂದು ಮೈಕು ಇರುತ್ತದೆ, ಅದಕ್ಕೆ ಭೇದಭಾವವಿಲ್ಲ. ಮದುಮಗಳ ಮಾತು, ಬಾಜಾದವರ ತುತ್ತೂರಿ, ಟ್ರ್ಯಾಕ್ಟರಿನ ಹಾರ್ನು ಎಲ್ಲವೂ ಅದಕ್ಕೆ ಸಮಾನ. ಸಂತರಿಗೆ ಒಪ್ಪುವ ಗುಣ, ಮದುವೆಯ ವಿಡಿಯೊಕ್ಕೆ ಅಲ್ಲ. ಶಾಟ್‌ಗನ್ ಮೈಕು ಹಾಗಲ್ಲ. ಮೂತಿ ತೋರಿಸಿದ ಕಡೆಯ ಮಾತನ್ನು ಮಾತ್ರ ಚೆನ್ನಾಗಿ ಕೇಳಿ, ಅಕ್ಕಪಕ್ಕದವರನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ಇಡುವುದಿಲ್ಲ. ಗಾಳಿಯ ಸದ್ದು ತಾಗದಂತೆ ಅದಕ್ಕೊಂದು ತುಪ್ಪಳದ ಕುಲಾವಿ ಬೇರೆ. ಮುಕ್ಕುಂದದಲ್ಲಿ ಒಬ್ಬ ಮುದುಕಿ ಅದನ್ನು ಸವರಿ ನೋಡಿ, “ಯಾವ ಕುರಿದಪ್ಪಾ ಇದು, ಉಣ್ಣಿ ಭಾಳ ಮೆತ್ತಗೈತಿ” ಎಂದು ಕೇಳಿದ್ದಳು.

ಮದುವೆಯ ವಿಡಿಯೊಕ್ಕೆ ಮಾತು ಯಾಕೆ ಬೇಕು ಎನ್ನುತ್ತೀರೋ? ಒಡಪಿಗೆ ಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿಯಾಗಿ ಹೇಳುವುದಿಲ್ಲ, ಪ್ರಾಸದ ಎರಡು ಸಾಲಿನೊಳಗೆ ಇಟ್ಟು ಹೇಳುತ್ತಾಳೆ. ಅದೇ ಒಡಪು. ಮದುವೆಯ ಮರುದಿನ ಭೂಮದ ಊಟಕ್ಕೆ ಎರಡೂ ಕಡೆಯ ಬೀಗರು ಸುತ್ತ ಕುಳಿತಾಗ ಹೆಂಗಸರು ಮದುಮಗಳನ್ನು ಬಿಡುವುದೇ ಇಲ್ಲ. ಅವಳು ತಲೆ ತಗ್ಗಿಸಿ, ಸೆರಗು ಸರಿಮಾಡಿ, ಇರುವೆಗೆ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳುತ್ತಾಳೆ. ನನ್ನ ವಿಡಿಯೊಗಳಲ್ಲಿ ಆ ಹೊತ್ತಿಗೆ ಅವಳ ತುಟಿ ಅಲುಗುತ್ತದೆ, ಬಾಜಾ ಕೇಳುತ್ತದೆ. ನಾನು ಅದರ ಮೇಲೊಂದು ಸಿನಿಮಾ ಹಾಡು ಹಾಕಿ ಮುಚ್ಚಿಬಿಡುತ್ತಿದ್ದೆ. ಮೈಬೂಬನ ವಿಡಿಯೊದಲ್ಲಿ ಮಾತ್ರ “ಕಾಲುವಿ ನೀರ ಹರದ ಬಂತ ಹೊಲಕ್ಕ, ಬಸವರಾಜರ ಹೆಸರ ಬಂತ ನನ್ನ ಕುಲಕ್ಕ” ಎಂಬುದು ಬಳೆಯ ಸಪ್ಪಳದ ಸಮೇತ ಕೇಳುತ್ತಿತ್ತು.

ಇದನ್ನು ಮೊದಲು ಕಂಡುಹಿಡಿದು ಹೊಗಳಿದವಳು ನನ್ನ ಹೆಂಡತಿ ಶರಣಮ್ಮ. ಮೊಬೈಲನ್ನು ಕಿವಿಗೆ ಹಿಡಿದು, “ಏನ್ ಚಂದ ಕೇಳ್ತೈತ್ರೀ, ಎದುರಿಗೆ ಕುಂತು ಹೇಳಿದಂಗ” ಎಂದಳು. ಬೇರೆ ಯಾರಾದರೂ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಶರಣಮ್ಮ ಹೇಳಿದ್ದು ಉರಿಯಿತು. ಯಾಕೆಂದರೆ ನಮ್ಮ ಮದುವೆಯ ಭೂಮದಲ್ಲಿ ಅವಳು ಹೇಳಿದ ಒಡಪು ಬಾಜಾದ ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ. ಹೆಂಗಸರೆಲ್ಲ ನಕ್ಕರು, ನಾನೂ ಕೇಳಿಸಿದವನಂತೆ ನಕ್ಕೆ. ಅವತ್ತು ಸಂಜೆ ಏನು ಹೇಳಿದೆ ಎಂದು ಕೇಳಿದಾಗ ಅವಳಿಗೆ ನನ್ನ ಸುಳ್ಳು ನಗು ತಿಳಿದುಹೋಯಿತು. “ಹೇಳೋ ಹೊತ್ತಿನಾಗ ಹೇಳೀನಿ. ಕೇಳೋ ಹೊತ್ತಿನಾಗ ಕೇಳಬೇಕಿತ್ತು” ಎಂದಳು. ಆಮೇಲೆ ಅವಳ ಸೀಮಂತದಲ್ಲಿ ಮತ್ತೊಂದು ಹೇಳಿದಳಂತೆ. ಆ ದಿನ ನಾನು ವಳಕಮದಿನ್ನಿಯಲ್ಲಿ ಯಾರದೋ ಮದುವೆಯ ವಿಡಿಯೊ ತೆಗೆಯುತ್ತಿದ್ದೆ. ಇಪ್ಪತ್ತೆರಡು ವರ್ಷಗಳಿಂದ ಪರರ ಹೆಂಡಿರ ಒಡಪುಗಳ ಹಿಂದೆ ಊರೂರು ಅಲೆದಿದ್ದೇನೆ, ನನ್ನ ಹೆಸರು ಇರುವ ಒಂದೂ ನನ್ನ ಕಿವಿಗೆ ಬಿದ್ದಿಲ್ಲ. ಹೀಗಾಗಿ ನನಗೆ ಮೈಬೂಬನ ಮೇಲೆ ಮಾತ್ರವಲ್ಲ, ಅವನ ವಿಡಿಯೊದಲ್ಲಿ ಹೆಸರು ಹೇಳಿಸಿಕೊಂಡು ಮೀಸೆಯಡಿ ನಗುವ ಪ್ರತಿಯೊಬ್ಬ ಮದುಮಗನ ಮೇಲೂ ಹೊಟ್ಟೆಕಿಚ್ಚು.

ಮಸ್ಕಿಯ ಶಾಸನದ ಬಂಡೆಯ ಮೇಲೂ ನನಗೆ ಹೊಟ್ಟೆಕಿಚ್ಚಿದೆ ಎಂದರೆ ನಗಬೇಡಿ. ಆ ಚಕ್ರವರ್ತಿ ದೇಶದ ತುಂಬ ಕಲ್ಲುಗಳ ಮೇಲೆ ಬರೆಸಿದ. ಹೆಚ್ಚಿನ ಕಡೆ ‘ದೇವರಿಗೆ ಪ್ರಿಯನಾದವನು’ ಎಂದಷ್ಟೇ ಇತ್ತು. ನಮ್ಮ ಹೆಂಗಸರು ‘ನಮ್ಮ ಮನಿಯವ್ರು’ ಎನ್ನುತ್ತಾರಲ್ಲ, ಹಾಗೆ. ಯಾರಪ್ಪ ಈ ಮನೆಯವರು ಎಂದು ಪಂಡಿತರು ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ನಮ್ಮ ಮಸ್ಕಿಯ ಕಲ್ಲು. ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ಶಾಲೆಯಲ್ಲಿ ನೀವೂ ಓದಿದ್ದೀರಿ. ಎರಡು ಸಾವಿರ ವರ್ಷ ಮೀರಿದರೂ ಅವನ ಹೆಸರು ಸ್ಪಷ್ಟವಾಗಿದೆ. ನನ್ನದು ಇಪ್ಪತ್ತೆರಡು ವರ್ಷಕ್ಕೇ ಬಾಜಾದಲ್ಲಿ ಕೊಚ್ಚಿಹೋಯಿತು.

ಕಡೆಗೆ ನಾನೂ ಮೈಕು ಕೊಳ್ಳಲು ಹೊರಟೆ. ಮೊಬೈಲಿನಲ್ಲಿ ಮೈಕುಗಳನ್ನು ಹೋಲಿಸಿ ತೋರಿಸುವ ಮಹಾನುಭಾವರನ್ನೆಲ್ಲ ನೋಡಿದೆ. ಒಬ್ಬ ಸಮುದ್ರದ ದಂಡೆಯಲ್ಲಿ ನಿಂತು ಆರು ಮೈಕುಗಳಿಗೆ ಒಂದೇ ಮಾತು ಹೇಳಿದ. ಇನ್ನೊಬ್ಬ ಮಲಗುವ ಕೋಣೆಯಲ್ಲಿ ಕುಳಿತು ಪಿಸುಗುಟ್ಟಿದ. ಭೂಮದ ಊಟದಲ್ಲಿ ನಲವತ್ತು ಹೆಂಗಸರ ನಡುವೆ ನಿಂತು ಪರೀಕ್ಷಿಸಿದವನು ಒಬ್ಬನೂ ಇರಲಿಲ್ಲ. ಬ್ಯಾಟರಿ ಮೈಕಿನೊಳಗಿರಬೇಕೋ, ಕ್ಯಾಮೆರಾದಿಂದಲೇ ಕರೆಂಟು ಕುಡಿಯಬೇಕೋ, ಕೆಳಗಿನ ರಬ್ಬರಿನ ತೊಟ್ಟಿಲು ಕೈಯ ಅಲುಗಾಟವನ್ನು ತಡೆಯುತ್ತದೋ ಇಲ್ಲವೋ ಎಂದು ವಾರಗಟ್ಟಲೆ ಓದಿದೆ. ಓದಿದ್ದನ್ನೆಲ್ಲ ಬದಿಗಿಟ್ಟು, ಹೊಟ್ಟೆಕಿಚ್ಚಿನವನು ಹೇಗೆ ಆರಿಸುತ್ತಾನೋ ಹಾಗೆ ಆರಿಸಿದೆ: ಮೈಬೂಬನದು ಗೇಣುದ್ದ, ನನ್ನದು ಮೊಳದುದ್ದ ಇರಲಿ. ಉದ್ದವಿದ್ದಷ್ಟೂ ದೂರದ್ದು ಕೇಳುತ್ತದೆ ಎಂಬುದು ನನ್ನ ಶಾಸ್ತ್ರ.

ಶಾಸ್ತ್ರ ಮೊದಲ ಮದುವೆಯಲ್ಲೇ ಕೈಕೊಟ್ಟಿತು. ಮೊಳದ ಮೈಕು ಇದೆಯಲ್ಲ ಎಂಬ ಸೊಕ್ಕಿನಲ್ಲಿ ಮುಕ್ಕುಂದದ ಚಪ್ಪರದ ಇನ್ನೊಂದು ತುದಿಯಲ್ಲಿ ನಿಂತು ಮದುಮಗಳ ಕಡೆ ಮೂತಿ ತಿರುಗಿಸಿದೆ. ಮೈಕಿಗೆ ಮೂತಿ ತಿರುಗಿಸಿದ ಗೆರೆ ಗೊತ್ತು, ಆ ಗೆರೆಯ ಮೇಲೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿಲ್ಲ. ಮದುಮಗಳ ಹಿಂದೆ ಪರದೆ, ಪರದೆಯ ಹಿಂದೆ ಅಡಿಗೆಯವನು. ಮನೆಗೆ ಬಂದು ಕೇಳಿದರೆ ಹುಡುಗಿ “ಮಲ್ಲಿಗಿ ಮಾಲಿ ತಂದೀನಿ ಮುಡಿಯಾಕ...” ಎಂದು ಗುಣುಗುವುದರೊಳಗೆ, ಗಂಡನ ಹೆಸರು ಬರಬೇಕಾದ ಜಾಗದಲ್ಲಿ “ಸಾರಿಗೆ ಉಪ್ಪ ಹಾಕ್ಯಾರೋ ಇಲ್ಲೋ ನೋಡಲೇ” ಎಂಬ ಗಡಸು ದನಿ ಒತ್ತಕ್ಷರ ಬಿಡದಂತೆ ಕೇಳಿತು. ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನ ಮದುವೆಯಲ್ಲಿ ಇನ್ನೂ ಚೆನ್ನಾಗಿತ್ತು. ಅಲ್ಲಿಯ ಹೆಂಗಸರು ಒಟ್ಟಿಗೆ ನಾಲಗೆ ಆಡಿಸಿ ಉಲುಲು ಎಂದ ಭರಕ್ಕೆ ನನ್ನ ಹೆಡ್‌ಫೋನು ಕಿವಿಯಿಂದ ತಾನಾಗಿ ಕೆಳಗಿಳಿಯಿತು.

ಇದೇ ಹೊತ್ತಿಗೆ ಮಸ್ಕಿಯಲ್ಲಿ ಶರಣಮ್ಮನ ತಂಗಿಯ ಮಗಳ ಮದುವೆ ಬಂತು. ವಿಡಿಯೊ ನನ್ನದೇ ಎಂದು ನಾನು ಮೈಕಿನ ಕುಲಾವಿಯನ್ನು ಬಾಚಿ ಇಟ್ಟಿದ್ದೆ. ನನ್ನ ಷಡ್ಡಕ, ಅಂದರೆ ಮದುಮಗಳ ತಂದೆ, ಮನೆಗೆ ಬಂದು ಕುಂಕುಮ ಹಚ್ಚಿದ ಪತ್ರಿಕೆ ಕೊಟ್ಟು ಬಹಳ ವಿನಯದಿಂದ ಹೇಳಿದ: “ಅಣ್ಣಾರ, ನೀವು ಮನಿ ಮಂದಿ. ಕ್ಯಾಮೆರಾ ಹೊತಗೊಂಡು ತಿರಗಿದ್ರ ನಮಗ ಚೊಲೊ ಕಾಣಂಗಿಲ್ಲ. ನೀವು ಆರಾಮ ಕುಂತು ಊಟ ಮಾಡ್ರಿ. ಲಿಂಗಸುಗೂರಿನ ಮೈಬೂಬಗ ಹೇಳೀವಿ.” ಬೈದಿದ್ದರೆ ತಿರುಗಿ ಬೈಯಬಹುದು, ಮರ್ಯಾದೆಗೆ ಮದ್ದಿಲ್ಲ. ಅರಿಷಡ್ವರ್ಗಗಳ ಪಟ್ಟಿಯಲ್ಲಿ ಮತ್ಸರವನ್ನು ಕೊನೆಗೆ ಹಾಕಿದ್ದಾರೆ. ಕಾಮ, ಕ್ರೋಧಗಳಿಗೆ ಮುಂದಿನ ಕುರ್ಚಿ ಕೊಟ್ಟು ಇದನ್ನು ಹಿಂದೆ ನಿಲ್ಲಿಸಿದ ಋಷಿಗಳಿಗೆ ಷಡ್ಡಕರಿರಲಿಲ್ಲ ಎಂದು ಕಾಣುತ್ತದೆ.

ಮಸ್ಕಿಯ ಭೂಮದ ದಿನ ನಾನು ಬಿಳಿ ಅಂಗಿ ತೊಟ್ಟು ಕೈಗೆ ಕೆಲಸವಿಲ್ಲದೆ ಕುಳಿತೆ. ಮೈಬೂಬ ಬಂದು ಸಲಾಂ ಹೇಳಿದ. ಅವನ ಕ್ಯಾಮೆರಾದ ಮೇಲೆ ಅದೇ ಕರಿ ಕೊಳವೆ. ಯಾವ ಕಂಪನಿಯದು, ಯಾವ ನಮೂನೆಯದು ಎಂದು ಕೇಳಲು ನಾಲಗೆ ಏಳಲಿಲ್ಲ. ಕೇಳಿದರೆ ಸೋತಂತೆ. ಅವನು ಹೆಂಗಸರ ಕಡೆ ಹೋದಾಗ ನನ್ನ ಕಣ್ಣು ಮೂಲೆಯಲ್ಲಿದ್ದ ಅವನ ಚೀಲದ ಮೇಲೆ ಬಿತ್ತು. ಮೈಕಿನ ಡಬ್ಬಿ ಅದರಲ್ಲೇ ಇರಬೇಕು. ಐವತ್ತು ವರ್ಷದ ಗೃಹಸ್ಥ ನಾನು, ಬೀಗರ ಮನೆಯಲ್ಲಿ ಪರರ ಚೀಲದ ಮುಂದೆ ಬಗ್ಗಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದೆ. ನನ್ನದಕ್ಕಿಂತ ಅಗ್ಗದ ಮೈಕು. ಅಂಗಡಿಯವನು ತೋರಿಸಿದಾಗ “ಇದು ಹುಡುಗರ ಆಟಿಗಿ” ಎಂದು ನಾನೇ ಬದಿಗೆ ಸರಿಸಿದ್ದ ಮೈಕು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ದೊಡ್ಡ ನಗು ಕೇಳಿತು. ಯಾವುದೋ ಒಡಪಿರಬೇಕು ಎಂದುಕೊಂಡು ಡಬ್ಬಿಯನ್ನು ಇದ್ದಂತೆ ಇಟ್ಟೆ.

ತಿಂಗಳ ನಂತರ ವಿಡಿಯೊ ಬಂತು. ಷಡ್ಡಕನ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಟಿವಿಯ ಮುಂದೆ ಕುಳಿತೆವು. ಭೂಮದ ಭಾಗ ಬಂತು. ಮದುಮಗಳು ಹೇಳಿದಳು, ಅವಳ ಅತ್ತಿಗೆ ಹೇಳಿದಳು. ಆಮೇಲೆ ಯಾರೋ ಹೆಂಗಸು “ಶರಣಕ್ಕ, ನಿಂದೊಂದು ಆಗಲಿ ಬೇ. ಎಲ್ಲಿ ಹೋಗ್ಯಾನ ನಿನ್ನ ಗಂಡ?” ಎಂದಳು. ಪರದೆಯ ಮೇಲೆ ಶರಣಮ್ಮ ಕತ್ತೆತ್ತಿ ಅತ್ತಿತ್ತ ನೋಡಿದಳು. ನಾಲ್ಕು ಮಾರು ದೂರದ ಮೂಲೆಯಲ್ಲಿ ಅವಳ ಕಣ್ಣು ನಿಂತಿತು. “ಅಲ್ಲಿ ನೋಡ ಯವ್ವಾ, ಮೈಬೂಬಣ್ಣನ ಚೀಲದಾಗ ಮಾರಿ ಇಟ್ಕೊಂಡು ನಿಂತಾರ” ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು:

“ಮಂದಿ ಮಾತೆಲ್ಲ ತುಂಬ್ಯಾರ ಕ್ಯಾಮೆರಾದಾಗ,
ಮನಿ ಮಾತ ಬೀಳವಲ್ದು ಅಮರೇಶಪ್ಪನವರ ಕಿವ್ಯಾಗ.”

ಟಿವಿಯ ಒಳಗಿದ್ದವರೂ ನಕ್ಕರು, ಹೊರಗಿದ್ದವರೂ ನಕ್ಕರು. ಷಡ್ಡಕ ಹಿಂದಕ್ಕೆ ಹೋಗಿ ಇನ್ನೊಮ್ಮೆ ಹಾಕಿದ. ನನ್ನ ಹೆಸರು ನನ್ನ ಹೆಂಡತಿಯ ಬಾಯಿಯಿಂದ ಮೊದಲ ಬಾರಿ ಕೇಳಿದ್ದು ಹೀಗೆ: ನನ್ನ ವೈರಿಯ ಅಗ್ಗದ ಮೈಕಿನಲ್ಲಿ, ಹದಿನಾರು ಜನರ ನಡುವೆ, ಕಳ್ಳತನದ ಸಾಕ್ಷಿಯ ಸಮೇತ. ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಅವಳು ಹಾಗೆ ಹೇಳುವಾಗ ಅವಳ ಎದುರಿಗೆ ಇದ್ದವನು ಮೈಬೂಬ, ನಾನಲ್ಲ.

ಮರುದಿನವೇ ಲಿಂಗಸುಗೂರಿಗೆ ಹೋದೆ. ಸೋತಾಗಿತ್ತು, ಇನ್ನು ಕೇಳುವುದಕ್ಕೆ ಏನು. ಮೈಬೂಬ ಚಹಾ ತರಿಸಿ ತಲೆ ತಗ್ಗಿಸಿಕೊಂಡು ಹೇಳಿದ: “ಭಾಬಿ ಮಾತು ವಿಡಿಯೊದಾಗಿಂದ ತಗದ ಬಿಡ್ಲೇನ್ರಿ ಅಂತ ಕೇಳಾಕ ಎರಡ ಸಲ ಫೋನ್ ಹಚ್ಚಿದ್ದೆ ಅಣ್ಣಾ, ನೀವು ಎತ್ತಲಿಲ್ಲ.” ನಿಜ. ಅವನ ಹೆಸರು ಕಂಡು ನಾನೇ ಎತ್ತಿರಲಿಲ್ಲ. ಮೈಕಿನ ಗುಟ್ಟೇನು ಎಂದು ಕೇಳಿದೆ. “ಗುಟ್ಟೇನೈತ್ರಿ ಅಣ್ಣಾ. ನಂದು ಸಣ್ಣ ಮೈಕು, ದೂರದ್ದು ಕೇಳಂಗಿಲ್ಲ, ಅದಕ್ಕ ಸನೇಕ ಹೋಗ್ತೀನಿ. ಬಾಜಾದವ್ರಿಗೆ ಕೈ ಮುಗದು, ಒಂದ ಕಪ್ ಚಾ ಕುಡದು ಬರ್ರಿ ಅಂತ ಕಳಸ್ತೀನಿ. ಅಷ್ಟ.” ಬಾಜಾದವರೂ ಚಹಾ ಕುಡಿಯುತ್ತಾರೆ ಎಂಬುದು ಇಪ್ಪತ್ತೆರಡು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನೇ ಮೆಲುಕು ಹಾಕಿದೆ. ಮನೆಗೆ ಬಂದಾಗ ಶರಣಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಿರಣಿಯ ಸದ್ದು ಬರುವ ಕಿಟಕಿ ಮುಚ್ಚಿದೆ, ಮೊಬೈಲಿನ ಬಾಯಿ ಮುಚ್ಚಿಸಿದೆ. ಮೊಳದ ಮೈಕನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಹೊಸ್ತಿಲಲ್ಲಿ ನಿಂತು, “ನಮ್ಮ ಲಗ್ನದಾಗ ಹೇಳಿದ ಒಡಪು ಈಗರ ಹೇಳು” ಎಂದೆ.

ಅವಳು ಕೈಯ ಹಿಟ್ಟು ಕೊಡವಿ ನನ್ನನ್ನೂ ಮೈಕನ್ನೂ ನೋಡಿದಳು. “ಆ ಕೋಲು ಹೊರಗಿಟ್ಟು ಬರ್ರಿ. ಸನೇಕ ಕುಂದರ್ರಿ” ಎಂದಳು.

ಇಟ್ಟು ಬಂದೆ. ಒಲೆಯ ಪಕ್ಕದ ಮಣೆಯ ಮೇಲೆ ಕುಳಿತೆ. ಅವಳು ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ನನ್ನ ಕಿವಿಯ ಹತ್ತಿರ ಬಗ್ಗಿ, ಇಪ್ಪತ್ತೆರಡು ವರ್ಷದ ಹಿಂದಿನ ಆ ಎರಡು ಸಾಲನ್ನು ಹೇಳಿದಳು. ರೊಟ್ಟಿ ಸ್ವಲ್ಪ ಸೀದಿತು.

ಅದೇನೆಂದು ಮೈಬೂಬನಿಗೆ ಹೇಳಿಲ್ಲ, ಷಡ್ಡಕನಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ. ಇಷ್ಟು ದಿನ ನಾನೊಬ್ಬನೇ ಉರಿದದ್ದು ಸಾಕು, ಇನ್ನು ನೀವೂ ಸ್ವಲ್ಪ ಹೊಟ್ಟೆಕಿಚ್ಚು ಪಡಿ.