ತೊಲಿ ನೋಡಿ ಹೆಣ್ಣು ಕೊಡೋರು

ಹೊಸ ಸಿಮೆಂಟಿಗೆ ನೀರು ಹೊಡೆದಾಗ ಏಳುವ ವಾಸನೆ ನಿಮಗೆ ಗೊತ್ತಲ್ಲ? ಕಳೆದ ಭಾನುವಾರ ಹರಪನಹಳ್ಳಿಯ ಒಂದು ಮನೆಯ ಮೆಟ್ಟಿಲು ಹತ್ತುವಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಮಗಳಿಗೆ ಗಂಡು ನೋಡಲು ಹೋಗಿದ್ದೆವು. ಮೆಕ್ಕೆಜೋಳದ ವ್ಯಾಪಾರಸ್ಥರು. ಕೆಳಗೆ ಪೂರಾ ಗೋದಾಮು, ಮೇಲೆ ಎರಡಂತಸ್ತು ಮನೆ, ಅದರ ಮೇಲೆ ಮೂರನೆಯದು ಏಳುತ್ತಿತ್ತು. ಹುಡುಗ ಬಂದು ಕೈಮುಗಿದು ಕೂತ. ಅವನಿಗೆ ಮೀಸೆ ಇತ್ತೋ ಇಲ್ಲವೋ, ಈಗ ಕೇಳಿದರೆ ನಾನು ಹೇಳಲಾರೆ. ನನ್ನ ತಲೆಯೆಲ್ಲ ಕೆಳಗಿನ ಗೋದಾಮಿನ ಪಿಲ್ಲರುಗಳಲ್ಲಿ ಸಿಕ್ಕಿಕೊಂಡಿತ್ತು.

"ಏನ್ರೀ, ಹುಡುಗನ್ನ ನೋಡ್ರಿ. ಗ್ವಾಡಿ ನೋಡಾಕ ಬಂದೀರೇನು?" ಎಂದು ಹೆಂಡತಿ ಗಿರಿಜೆ ಕಿವಿಯಲ್ಲಿ ಗದರಿದಳು. ಮಗಳಿಗೆ ಫೋಟೋದಲ್ಲೇ ಹುಡುಗ ಹಿಡಿಸಿಬಿಟ್ಟಿದ್ದ. ನಾನು ಬಾಯಿ ಬಿಟ್ಟು ಸಂಬಂಧ ಕೆಡಿಸುತ್ತೇನೆಂಬ ಭಯ ಗಿರಿಜೆಗೆ. ಭಯಕ್ಕೆ ಕಾರಣವೂ ಇದೆ. ಈ ಚಟ ನನಗೆ ಅಂಟಿದ್ದು ನಮ್ಮ ಮದುವೆಯ ಕಾಲದಲ್ಲೇ, ಅವಳ ಕಣ್ಣೆದುರೇ.

ನಾವು ಕೊಟ್ಟೂರಿನವರು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಕೊಟ್ರೇಶಾ" ಎಂದು ಕೂಗಿ ನೋಡಿ, ಅರ್ಧ ಬಸ್ಸು ತಿರುಗಿ ನೋಡುತ್ತದೆ, ಡ್ರೈವರೂ ಸೇರಿ. ನನ್ನ ಹೆಸರೂ ಅದೇ ಇದ್ದೀತು, ಹೇಳಿ ಏನುಪಯೋಗ? ಬೀಜ-ಗೊಬ್ಬರದ ಅಂಗಡಿಯವನು ಎಂದರೆ ಸಾಕು. ನಮ್ಮ ಕಡೆ ಹಿಂದೆ ಎಲ್ಲವೂ ಮಣ್ಣಿನ ಮಾಳಿಗೆಯ ಮನೆಗಳು. ಆ ಮಣ್ಣಿನ ಭಾರ ಹೊರಲು ಅಡ್ಡಲಾಗಿ ಮರದ ದಪ್ಪ ತೊಲೆ. ಹೆಣ್ಣಿನ ಕಡೆಯವರು ಮನೆ ನೋಡಲು ಬಂದರೆ ಮೊದಲು ಕತ್ತೆತ್ತಿ ತೊಲೆ ನೋಡುತ್ತಿದ್ದರು, ಆಮೇಲೆ ಹುಡುಗನನ್ನು. ತೊಲೆ ದಪ್ಪ ಇದ್ದರೆ ಹುಡುಗ ಹೇಗಿದ್ದರೂ ನಡೆಯುತ್ತಿತ್ತು. ನನ್ನಂಥವರ ವಂಶ ಬೆಳೆದದ್ದು ಹೀಗೆಯೇ.

ಅಪ್ಪ ಹಳೇ ಮನೆ ಕೆಡವಿ ಕಾಂಕ್ರೀಟಿನ ಮನೆಗೆ ಕೈಹಾಕಿದಾಗ ದೊಡ್ಡಪ್ಪನ ತಲೆ ಮಾತ್ರ ಮಾಳಿಗೆಯಲ್ಲೇ ಉಳಿದಿತ್ತು. ಅಪ್ಪನ ಅಣ್ಣ ಅವರು, ಮನೆಗೆ ಹಿರಿಯರು, ಅವರ ಮಾತೇ ಕಾನೂನು. "ಕಂಬ ಗ್ವಾಡ್ಯಾಗ ಅಡಗಿರಬೇಕು, ತೊಲಿ ನಾಕು ಮಂದಿಗೆ ಕಾಣಬೇಕು" ಎಂಬುದು ಅವರ ಇಂಜಿನಿಯರಿಂಗ್. ನನಗೆ ಆಗ ಹೆಣ್ಣು ನೋಡುತ್ತಿದ್ದರಾದ್ದರಿಂದ ಅವರಿಗೆ ಇನ್ನಷ್ಟು ಆತುರ. ಆದರೆ ದಾವಣಗೆರೆಯಲ್ಲಿ ಸಿವಿಲ್ ಓದಿ ಬಂದಿದ್ದ ನಮ್ಮ ಶಾಂತಕ್ಕ ಬರೆದ ನಕ್ಷೆ ಪೂರಾ ಉಲ್ಟಾ. ಪಿಲ್ಲರು ದಪ್ಪ, ಬೀಮು ಸಣ್ಣ.

"ಇದೇನ್ ಶಾಂತಿ, ಪಿಲ್ಲರ್ ಆನಿ ಕಾಲಿನಂಗ ಮೂಲ್ಯಾಗ ಹೊರಗ ಬಂದು ಕುಂತೈತಿ. ಬೀಮ್ ನೋಡಿದ್ರ ಶ್ರಾವಣದ ಉಪವಾಸ ಮಾಡಿದಂಗ ಐತಿ."

"ಭೂಕಂಪ ಆದ್ರ ಮನಿ ನಿಲ್ಲಬೇಕಲ್ರಿ, ದೊಡ್ಡಪ್ಪ."

"ನಮ್ಮೂರಿಗೆ ಬಸ್ಸೇ ಹೊತ್ತಿಗೆ ಸರಿಯಾಗಿ ಬರಂಗಿಲ್ಲ, ಭೂಕಂಪ ಬರ್ತೈತೇನು?"

ಅಕ್ಕ ನನ್ನನ್ನು ಕರೆದು ಖಾಲಿ ಗೊಬ್ಬರದ ಚೀಲದ ಮೇಲೆ ನಿಲ್ಲಿಸಿದಳು. ಏನೋ ಅಳತೆ ತೆಗೆಯುತ್ತಾಳೆಂದುಕೊಂಡು ನಾನು ಎದೆಯುಬ್ಬಿಸಿ ನಿಂತೆ. ಚೀಲವನ್ನು ಗಕ್ಕನೆ ಎಳೆದಳು. ನಾನು ಮೊಣಕಾಲು ಮಡಚಿ ಅಂಗಳದಲ್ಲಿ ಧೊಪ್ಪೆಂದು ಕೂತೆ.

"ನೋಡಿದ್ರಾ? ಇವನ ತಲಿ ಮ್ಯಾಲೆ ಯಾರೂ ಭಾರ ಇಡಲಿಲ್ಲ. ಕಾಲು ಚೀಲದ ಜೊತಿ ಹೋದ್ವು, ಮೈ ಅಲ್ಲೇ ಉಳೀತು, ನಡುವ ಮೊಣಕಾಲು ಕೈಕೊಟ್ಟುವು. ಭೂಕಂಪದಾಗ ಮನೀಗೂ ಇದೇ ಗತಿ. ಬೀಮ್ ಬಿರುಕು ಬಿಟ್ರ ಒಂದು ಖೋಲಿ ಕೆಡ್ತೈತಿ, ಓಡಿ ಹೋಗಾಕ ಟೈಮ್ ಸಿಗತೈತಿ. ಪಿಲ್ಲರ್ ಮುರಿದ್ರ ಮ್ಯಾಲಿಂದೆಲ್ಲಾ ನಮ್ಮ ಮ್ಯಾಲೇ ಕುಂದ್ರತೈತಿ. ಅದಕ್ಕ, ಸೋಲೂದಿದ್ರ ಬೀಮೇ ಮೊದ್ಲು ಸೋಲಬೇಕು."

ಪಿಲ್ಲರಿನ ಸರಳುಗಳ ಸುತ್ತ ಕಟ್ಟುವ ರಿಂಗುಗಳ ಬಗ್ಗೆ ಇನ್ನೊಂದು ಉಪನ್ಯಾಸವಾಯಿತು. ಬೀಮು ಕೂಡುವಲ್ಲಿ, ಬುಡದಲ್ಲಿ ರಿಂಗು ಒತ್ತೊತ್ತಾಗಿ ಇರಬೇಕಂತೆ, ಅವುಗಳ ತುದಿ ಒಳಮುಖ ಬಾಗಿರಬೇಕಂತೆ. ಇಲ್ಲದಿದ್ದರೆ ಹೊಲಿಗೆ ಬಿಟ್ಟ ಚೀಲದಿಂದ ಜೋಳ ಸುರಿದ ಹಾಗೆ ಒಳಗಿನ ಕಾಂಕ್ರೀಟು ಉದುರಿಹೋಗುತ್ತದಂತೆ. ನಾನು ನಡ ನೀವಿಕೊಳ್ಳುತ್ತ ಕೇಳಿದೆ. ದೊಡ್ಡಪ್ಪ ಅಡಿಕೆ ಅಗಿಯುತ್ತ ಕೇಳಿದರು, ಅಂದರೆ ಕೇಳಲಿಲ್ಲ.

ಪಿಲ್ಲರುಗಳು ಅಕ್ಕ ಹೇಳಿದಂತೆಯೇ ಎದ್ದವು. ಆದರೆ ಅಕ್ಕ ಏನೋ ಕೆಲಸವೆಂದು ಹಗರಿಬೊಮ್ಮನಹಳ್ಳಿಗೆ ಹೋದದ್ದೇ ತಡ, ದೊಡ್ಡಪ್ಪ ಮೇಸ್ತ್ರಿಯನ್ನು ಕರೆದು ಬೀಮಿನ ಕಾಂಕ್ರೀಟು ಸುರಿಯುವ ಸೆಂಟ್ರಿಂಗ್ ಪೆಟ್ಟಿಗೆಯನ್ನು ಆಳ ಮಾಡಿಸಿ, ಕೈಗೆ ಸಿಕ್ಕಷ್ಟು ಸರಳು ತುಂಬಿಸಿಬಿಟ್ಟರು. ಕಾಂಕ್ರೀಟು ಹಾಕುವ ದಿನ ಮಿಕ್ಸರ್ ಗಡಗಡ ಎನ್ನುವಾಗ ಅಕ್ಕ ಬಂದಳು. ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿ ಆ ಬೀಮಿನ ಪೆಟ್ಟಿಗೆಯೊಳಗೇ ಕೂತಳು.

"ಕಬ್ಬಿಣ ಜಾಸ್ತಿ ಆದ್ರ ಗಟ್ಟೀನ ಅಲ್ರಿ, ಅಕ್ಕಾರ?" ಎಂದ ಮೇಸ್ತ್ರಿ, ಅಂಜುತ್ತ.

"ಎಲ್ಲಿ ಗಟ್ಟಿ ಆಗಬೇಕು ಅನ್ನೂದೂ ಒಂದು ಐತಲ್ಲಪಾ. ಬೀಮ್ ಜಟ್ಟಿ ಆದ್ರ ತಾನು ಬಗ್ಗಂಗಿಲ್ಲ, ಪಿಲ್ಲರನ್ನ ಮುರೀತೈತಿ. ಹಾಕಂಗಿದ್ರ ನನ್ನ ಮ್ಯಾಲೇ ಹಾಕ್ರಿ ಕಾಂಕ್ರೀಟು."

ಮನೆಮಗಳನ್ನು ಬೀಮಿನಲ್ಲಿ ಹೂತ ಮನೆಗೆ ಎಂಥ ದಪ್ಪ ತೊಲೆ ಇದ್ದರೂ ಹೆಣ್ಣು ಕೊಡುವವರಿಲ್ಲ ಎಂಬುದು ದೊಡ್ಡಪ್ಪನಿಗೂ ಹೊಳೆದಿರಬೇಕು. ಅಪ್ಪ, ಯಾವತ್ತೂ ಅಣ್ಣನಿಗೆ ಎದುರಾಡದವನು, "ಅಕಿ ಹೇಳಿದಂಗ ಮಾಡ್ರಪಾ" ಎಂದುಬಿಟ್ಟ. ಬೀಮು ಸಣ್ಣದಾಯಿತು. ದೊಡ್ಡಪ್ಪ ಸೋತರೇ? ರಾಮ ರಾಮಾ! ಹಳೇ ಮನೆಯ ಸಾಗುವಾನಿ ಹಲಗೆಗಳನ್ನು ತರಿಸಿ, ಪಡಸಾಲೆಯ ಬೀಮಿನ ಸುತ್ತ ಗೇಣು ಜಾಗ ಬಿಟ್ಟು ಮೂರು ಕಡೆಯೂ ಹೊದಿಸಿ, ಪಾಲಿಷ್ ಹೊಡೆಸಿದರು. ಈಗ ತೊಲೆ ನೋಡಿದರೆ ಪಾಳೇಗಾರರ ಮನೆಯದೇ ಸೈ.

ಹಿರೇಹಡಗಲಿಯಿಂದ ಗಿರಿಜೆಯ ಕಡೆಯವರು ಮನೆ ನೋಡಲು ಬಂದರು. ನಮ್ಮೂರ ದೇವರು ಕೊಟ್ರೇಶಜ್ಜನ ಗುಡಿಯಲ್ಲಿ ಕಾಯಿ ಒಡೆಸುವ ನೆಪದಲ್ಲಿ ಗಿರಿಜೆಯೂ ಬಂದಿದ್ದಳು. ನಾನಂತೂ ಅವಳನ್ನು ಕೂಡ್ಲಿಗಿಯ ಒಂದು ಮದುವೆಯಲ್ಲಿ ನೋಡಿದಾಗಲೇ ನಿದ್ದೆಗೆಟ್ಟಿದ್ದೆ. ಅವಳ ಅಪ್ಪ ಒಳಗೆ ಕಾಲಿಟ್ಟವರೇ ಕತ್ತೆತ್ತಿದರು. ಮುಖ ಅರಳಿತು. ಮೆಚ್ಚಿಕೊಂಡು ಕೊಡೆಯ ಹಿಡಿಕೆಯಿಂದ ತೊಲೆಗೆ ಎರಡು ಬಡಿದರು. ಡಬ್ ಡಬ್.

ಉಪ್ಪಿಟ್ಟು ತಂದ ಅವ್ವ ಅಲ್ಲೇ ನಿಂತಳು. "ಇದೇನ್ರಿ, ತೊಲಿ ತಮಟಿ ಆಗೈತಿ?" ಎಂದರು ಗಿರಿಜೆಯ ಅಪ್ಪ. ದೊಡ್ಡಪ್ಪನಿಗೆ ಎಲ್ಲಿಲ್ಲದ ಕೆಮ್ಮು ಬಂತು. ಶಾಂತಕ್ಕ ಒಂದೇ ಉಸಿರಿಗೆ ಇದ್ದದ್ದೆಲ್ಲ ಹೇಳಿದಳು, ಚೀಲದ ಮೇಲಿಂದ ನಾನು ಬಿದ್ದದ್ದನ್ನೂ ಬಿಡದೆ. ಗಿರಿಜೆಯ ಅಪ್ಪ ಬಾಗಿಲ ಕಡೆ ತಿರುಗಿದರು. "ಪೊಳ್ಳು ತೊಲಿ ಮನಿಗೆ ಹೆಣ್ಣು ಕೊಟ್ಟ ಅಂತ ಮಂದಿ ನಗ್ತಾರ್ರಿ." ನನಗೆ ಅಳುವೇ ಬಂತು. ಭೂಕಂಪದಲ್ಲಿ ಉಳಿದು ಏನು ಮಾಡಲಿ, ಗಿರಿಜೆ ಇಲ್ಲದೆ?

ಆಗ ಗಿರಿಜೆ ಮೂಲೆಗೆ ಹೋಗಿ, ಹೊರಗೆ ಚಾಚಿದ ಆ ದಪ್ಪ ಪಿಲ್ಲರನ್ನು ಅಂಗೈಯಿಂದ ತಟ್ಟಿ ನೋಡಿದಳು. "ಅಪ್ಪಾ, ಈ ತೊಲಿ ಕೆಳಗ ಮಲಗಾಕಿ ನಾನು. ಮಂದಿ ಬಂದು ಮಲಗ್ತಾರೇನು?" ಎಂದಳು. ಅವಳಪ್ಪ ಮಗಳ ಮುಖ ನೋಡಿದರು, ಕೊಡೆ ಗೋಡೆಗೆ ಒರಗಿಸಿದರು, ಉಪ್ಪಿಟ್ಟಿಗೆ ಕೂತರು.

ಮದುವೆಯಾಯಿತು. ಅಂದಿನಿಂದ ಯಾರ ಮನೆಗೆ ಹೋದರೂ ನನ್ನ ಕಣ್ಣು ಪಿಲ್ಲರಿಗೇ. ಇಟ್ಟಿಗಿ ಊರಿನ ನನ್ನ ಷಡ್ಡಕ ತನ್ನ ಗೃಹಪ್ರವೇಶಕ್ಕೆ, "ಸೀದಾ ಊಟದ ಹೊತ್ತಿಗೆ ಬರ್ರಿ, ಉಂಡು ಸೀದಾ ಹೋಗ್ರಿ" ಎಂದೇ ಕರೆದಿದ್ದ.

ಇರಲಿ, ಹರಪನಹಳ್ಳಿಗೆ ಬರೋಣ. ಹುಡುಗನ ಅಪ್ಪ ಚಹಾ ಕೈಗಿಟ್ಟು, "ಮನಿ ಹೆಂಗೈತ್ರಿ, ಬೀಗರೇ?" ಎಂದರು. ಗಿರಿಜೆ ನನ್ನನ್ನು ನುಂಗುವಂತೆ ನೋಡಿದಳು. ಚಲೋ ಐತಿ ಎನ್ನಬೇಕೆಂದೇ ಬಾಯಿ ತೆರೆದೆ.

"ಗೋದಾಮಿನ ಪಿಲ್ಲರ್ ಭಾಳ ಸಣ್ಣ ಅದಾವ್ರಿ. ಕೆಳಗ ಅಡ್ಡ ಗ್ವಾಡಿ ಒಂದೂ ಇಲ್ಲ, ಮ್ಯಾಲೆ ಅಂತಸ್ತಿನ ಮ್ಯಾಲೆ ಅಂತಸ್ತು. ನೆಲ ಅಲುಗಾಡಿದ್ರ ಕೆಳಗಿಂದೇ ಮೊದ್ಲು ಕುಸೀತೈತಿ. ನನ್ನ ಮಗಳನ್ನ ಇಲ್ಲಿ ಹೆಂಗ ಮಲಗಸ್ಲಿ?"

ಮುಗಿಯಿತು ಎಂದುಕೊಂಡೆ. ಆ ಮನುಷ್ಯ ಸಿಟ್ಟಾಗಲಿಲ್ಲ. ಒಳಮನೆಯ ಕಡೆ ತಿರುಗಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮವ್ವ, ಹಿರೇ ಸೊಸಿ, ಮೊಮ್ಮಕ್ಕಳು... ಎಲ್ಲಾರೂ ಇಲ್ಲೇ ಮಲಗ್ತೀವಲ್ರಿ" ಎಂದರು.

ಇಷ್ಟು ಹೊತ್ತೂ ನನ್ನ ಮಗಳು ಎಲ್ಲಿ ಮಲಗುತ್ತಾಳೆಂದು ನೋಡುತ್ತ ಕೂತಿದ್ದೆನೇ ಹೊರತು, ಅಲ್ಲಿ ಆಗಲೇ ಮಲಗುತ್ತಿದ್ದವರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚಹಾದ ಲೋಟ ಕೆಳಗಿಟ್ಟೆ.

"ಏನಾರ ದಾರಿ ಐತೇನ್ರಿ?" ಎಂದು ಹುಡುಗನ ಅಪ್ಪ ಕೇಳಿದರು.

"ಐತ್ರಿ. ಪಿಲ್ಲರಿನ ಸುತ್ತ ಹೊಸದಾಗಿ ಕಬ್ಬಿಣ ಕಟ್ಟಿ ದಪ್ಪ ಮಾಡಬಹುದಂತ. ನಮ್ಮ ಅಕ್ಕಗ ಗೊತ್ತೈತಿ, ನಾಳಿಗೇ ಕರ್ಕೊಂಡ್ ಬರ್ತೀನಿ. ಅಲ್ಲೀತನಕ ಮ್ಯಾಲಿನ ಕೆಲಸ ನಿಲ್ಲಸ್ರಿ."

"ಮತ್ತ ಲಗ್ನದ ಮಾತು?"

"ಅದು ಆದ್ರ ಆತು, ಬಿಟ್ರ ಬಿಡ್ತು, ಯಜಮಾನ್ರ. ನಾಳಿ ನಾವು ಬರೂದಂತೂ ಖರೆ."