ವಕೀಲರನ್ನು ಹಿಡಿಯುವ ಮೊದಲು ಅನಸವ್ವ ಸಿಗಬೇಕು

ಜಮಖಂಡಿಯ ಕೋರ್ಟಿನ ಪಡಸಾಲೆಯಲ್ಲಿ ದಿನದ ಮೊದಲ ಕಲಾಪ ಬೆಳಗಿನ ಆರಕ್ಕೇ ಶುರುವಾಗುತ್ತದೆ. ನ್ಯಾಯಾಧೀಶರಿಲ್ಲ, ಹೆಸರು ಹಿಡಿದು ಕೂಗುವವರಿಲ್ಲ. ಇರುವುದು ಅನಸವ್ವ ಮತ್ತು ಆಕೆಯ ಕಸಬರಿಗೆ. ನಿನ್ನೆಯ ಬೀಡಿ ತುಂಡು, ಶೇಂಗಾ ಸಿಪ್ಪೆ, ಹರಿದ ಲಕೋಟೆ ಎಲ್ಲವೂ ಸಾಲಾಗಿ ಮೆಟ್ಟಿಲಿಳಿಯುತ್ತವೆ. “ಬಂದ ದಿನಾನ ತೀರ್ಪು. ನನ್ನ ಕಡೆ ಮುಂದಿನ ತಾರೀಖು ಅನ್ನೂದ ಇಲ್ರಿ,” ಎನ್ನುತ್ತಾಳೆ ಅನಸವ್ವ, ನಗದೆ.

ಗುಡಿಸುವುದು ನಾಲ್ಕು ಕೋಣೆ, ಎರಡು ಪಡಸಾಲೆ. ತುಂಬುವುದು ಹನ್ನೆರಡು ಕೊಡ ನೀರು. ದಿನಗೂಲಿಯ ಈ ಕೆಲಸಕ್ಕೆ 2002ರಲ್ಲಿ ಸೇರಿದವಳು, ಹನ್ನೊಂದು ವರ್ಷವಾಯಿತು. ಯಾವ ಹಾಜರಿ ಪುಸ್ತಕದಲ್ಲೂ ಬರೆಯದ ಇನ್ನೊಂದು ಕೆಲಸವೂ ಆಕೆಗಿದೆ. ವಾರಕ್ಕೆ ನಾಲ್ಕೈದು ಹೆಣ್ಣುಮಕ್ಕಳು ನೋಟೀಸು ಹಿಡಿದು ಈ ಮೆಟ್ಟಿಲ ಮೇಲೆ ದಿಕ್ಕು ತೋಚದೆ ಕೂರುತ್ತಾರೆ. ಗಂಡ ಬಿಟ್ಟವರು, ಗಂಡನನ್ನು ಬಿಟ್ಟವರು, ಕೂಸು ಕಸಿದುಕೊಂಡರೆಂದು ಅಳುವವರು. ಅವರಿಗೆ ನೀರು ಕೊಟ್ಟು ಅನಸವ್ವ ಕೇಳುವ ಮೊದಲ ಪ್ರಶ್ನೆ ಒಂದೇ: “ವಕೀಲರನ್ನ ಹಿಡದಿಯೇನವಾ? ಹಿಡದವರು ಯಾರು, ನೀನೋ, ನಿಮ್ಮ ಮಂದಿಯೋ?”

ಒಳ್ಳೆಯ ವಕೀಲರು ಯಾರೆಂದು ಮಾತ್ರ ಆಕೆ ಹೇಳುವುದಿಲ್ಲ. ಕರಿ ಕೋಟಿಗೂ ಕೋರ್ಟಿಗೂ ನಡುವೆ ಇರುವುದು ಒಂದೇ ಅರ್ಕಾವೊತ್ತಾದರೂ, ಆ ಸಣ್ಣ ಸಂದಿಯಲ್ಲಿ ದಲ್ಲಾಳಿಗಳಿಗೆ ಬೇಕಾದಷ್ಟು ಜಾಗವಿದೆ. ಆರು ವರ್ಷದ ಹಿಂದೆ ಯಾರೋ ಆಕೆಯೂ ದಲ್ಲಾಳಿಯೆಂದು ದೂರು ಬರೆದರು. ಹಿರಿಯ ಗುಮಾಸ್ತರು ಕರೆದು, “ಇನ್ನೊಮ್ಮೆ ಕೇಳಿಬಂದ್ರ ಕಸಬರಿಗಿ ಇಟ್ಟು ಮನೀಗೆ ನಡಿ,” ಎಂದರು. ಅಂದಿನಿಂದ ಆಕೆಯ ಬಾಯಿಂದ ಒಬ್ಬ ವಕೀಲರ ಹೆಸರೂ ಬಿದ್ದಿಲ್ಲ. ಬದಲಿಗೆ ಒಂದು ಪದ್ಧತಿ ಕಂಡುಕೊಂಡಿದ್ದಾಳೆ. ವಕಾಲತ್ತಿಗೆ ಸಹಿ ಮಾಡುವ ಮೊದಲು ಬಂದವರನ್ನು ಒಂದು ದಿನವಿಡೀ ಕೋರ್ಟಿನ ಹಿಂದಿನ ಬೆಂಚಿನ ಮೇಲೆ ಕೂರಿಸುತ್ತಾಳೆ. “ಎತ್ತು ಕೊಳ್ಳೂ ಮುಂದ ನಾಕು ಹೆಜ್ಜಿ ನಡಸಿ ನೋಡ್ತೀರಿ. ವಕೀಲರನ್ನ ಹಿಡಿಯೂ ಮುಂದ ಒಂದು ತಾರೀಖು ನೋಡಾಕ ಏನಾಗೇತಿ?”

ಏನು ನೋಡಬೇಕು ಎಂದರೆ ಅನಸವ್ವ ಸೆರಗನ್ನೇ ಕರೀ ಕೋಟಿನಂತೆ ಹೆಗಲ ಮೇಲೆಳೆದು ಅಭಿನಯಿಸಿಯೇ ತೋರಿಸುತ್ತಾಳೆ. ಗಂಟಲು ಕೆರೆದು, ಹೊಟ್ಟೆ ಮುಂದೆ ಮಾಡಿ: “ಚಿಂತೀನ ಬಿಡ ತಂಗಿ, ಹದಿನೈದು ದಿನದಾಗ ಮುಗಸ್ತೇನಿ!” ಸೆರಗು ಬಿಟ್ಟು ತನ್ನ ದನಿಯಲ್ಲಿ: “ಇವರು ಮುಗಸೂದು ನಿನ್ನ.” ಕಣ್ಣು ಗಡಿಯಾರದ ಕಡೆಗಿಟ್ಟು: “ಸಾಹೇಬ್ರು ಬೆಳಗಾವಿಗೆ ಹೋಗ್ಯಾರ್ರೀ, ನಾ ಜೂನಿಯರು, ಫೈಲು ನೋಡಿಲ್ಲ.” ಮತ್ತೆ ತನ್ನ ದನಿ: “ಇವರು ಫೈಲು ನೋಡೂದ್ರಾಗ ನಿನ್ನ ಕೂಸಿಗೆ ಮೀಸಿ ಬರತಾವ.” ಸುತ್ತ ಕೂತ ಹೆಂಗಸರು ನೋಟೀಸು ಮರೆತು ನಗುತ್ತಾರೆ. ಆಕೆ ಮಾತ್ರ ನಗುವುದಿಲ್ಲ.

ಅದಕ್ಕೆ ಕಾರಣವಿದೆ. ಅನಸವ್ವನನ್ನು ಕೊಟ್ಟಿದ್ದು ಬೀಳಗಿ ತಾಲೂಕಿನ, ಅಣೆಕಟ್ಟಿನ ಹಿನ್ನೀರಿಗೆ ಮುಳುಗಿದ ಒಂದು ಊರಿಗೆ. ಆ ಕಾಲಕ್ಕೆ ಮುಳುಗಡೆ ಹಳ್ಳಿಗಳಲ್ಲಿ ಮನೆಗೊಬ್ಬ ದೇವರಿದ್ದಂತೆ ಮನೆಗೊಬ್ಬ ವಕೀಲರಿದ್ದರು. ಹೊಲದ ಪರಿಹಾರ ಹೆಚ್ಚಿಸಿಕೊಡುವವರು, ‘ಮುಳುಗಡೆ ವಕೀಲರು’. ಹಬ್ಬಕ್ಕೆ ಅವರ ಮನೆಗೆ ಹೋಳಿಗೆ ಹೋಗುತ್ತಿತ್ತು. 2001ರಲ್ಲಿ ಗಂಡ ಇನ್ನೊಬ್ಬಳನ್ನು ತಂದಾಗ ಅನಸವ್ವ ನಾಲ್ಕು ವರ್ಷದ ಮಗ ಸೋಮಲಿಂಗನನ್ನು ಎತ್ತಿಕೊಂಡು ಓಡಿದ್ದೂ ಅವರ ಬಳಿಗೇ. ಹೊಲ ಗೆಲ್ಲಿಸಿಕೊಟ್ಟವರು ಬಾಳು ಗೆಲ್ಲಿಸಿಕೊಡಲಾರರೇ ಎಂಬ ನಂಬಿಕೆ. ಹೊಲ ಮಾವನದು, ವಕೀಲರೂ ಮಾವನವರೇ ಎಂಬುದು ಹೊಳೆಯಲಿಲ್ಲ.

“ತಂಗೀ ಅಂದ್ರು, ಚಾ ತರಿಸಿದ್ರು. ಮೂರು ಕಾಗದದ ಮ್ಯಾಲ ಸಹಿ ಮಾಡಿಸಿದ್ರು. ಎರಡು ಖಾಲಿ ಇದ್ದೂ. ನನಗ ಓದಾಕ ಬರತಿತ್ತು ಖರೆ, ಖಾಲಿ ಕಾಗದದಾಗ ಏನ ಓದ್ಲಿ?” ಎರಡು ತಿಂಗಳ ಮೇಲೆ ಆ ಖಾಲಿ ಹಾಳೆ ರಾಜಿಪತ್ರವಾಗಿ ಕೋರ್ಟಿಗೆ ಬಂತು. ಅದರ ಪ್ರಕಾರ ಆಕೆ ತನ್ನ ಖುಷಿಯಿಂದ ಮಗನನ್ನು ಗಂಡನಿಗೆ ಬಿಟ್ಟುಕೊಟ್ಟಿದ್ದಳು, ಜೀವನಾಂಶವನ್ನೂ ಬೇಡವೆಂದಿದ್ದಳು. ಜೀವನವೂ ಹೋಯಿತು, ಅಂಶವೂ ಹೋಯಿತು. ಸೋಮಲಿಂಗ ಈಗ ಮುಧೋಳದಲ್ಲಿ ಓದುತ್ತಾನೆ. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕು ಆಕೆಗೆ “ಯಾರ್ರೀ ನೀವು?” ಎಂದನಂತೆ. ಅದನ್ನು ಹೇಳುವಾಗ ಅನಸವ್ವ ಮಗನ ದನಿಯನ್ನು ಅಭಿನಯಿಸುವುದಿಲ್ಲ.

ಈ ಬುಧವಾರ ರಬಕವಿಯ ಬಸ್ಸಿಳಿದು ಬಂದವಳು ಕಾವೇರಿ. ನೇಕಾರರ ಮನೆಯ ಮಗಳು, ಇಪ್ಪತ್ತಮೂರು ವರ್ಷ, ಜೊತೆಗೆ ಮೂರು ವರ್ಷದ ಮಗಳು. ಆ ಮಗುವನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ಗಂಡ ಅರ್ಜಿ ಹಾಕಿದ್ದಾನೆ. ಇಂದು ಕಾವೇರಿ ಹಾಜರಾಗದಿದ್ದರೆ ಅವಳ ಮಾತು ಕೇಳದೆಯೇ ಆದೇಶವಾಗಬಹುದು. ಮುಂದೆ ಮುಂದೆ ನಡೆಯುತ್ತಿದ್ದವನು ಅವಳ ಸೋದರಮಾವ ಮುರಗೆಪ್ಪ.

“ವಕೀಲರನ್ನ ಹಿಡದೇವಿ,” ಎಂದ ಮುರಗೆಪ್ಪ, ಅನಸವ್ವ ಕೇಳುತ್ತಿದ್ದಂತೆ. “ಈಕಿ ಗಂಡನ ಅಪ್ಪನ ಮುಳುಗಡೆ ಕೇಸು ಗೆದ್ದುಕೊಟ್ಟವರು. ಎರಡೂ ಮನಿ ಬಲ್ಲವರು. ಮಾತಿನ್ಯಾಗ ಬಗೀಹರಸ್ತಾರ.”

ಅನಸವ್ವ ಕೊಡ ಕೆಳಗಿಟ್ಟಳು. “ಆ ಹೊಲದ ಕೇಸು ಮುಗದೈತೇನ್ರೀ ಯಪ್ಪಾ?”

“ಇಲ್ಲ. ಮ್ಯಾಲಿನ ಕೋರ್ಟಿನ್ಯಾಗ ಐತಿ. ಅವರ ನೋಡಾಕತ್ತಾರ.”

“ಹಂಗಾರ ಹೊಲದ ಕೇಸು ಕೊಟ್ಟವನ್ನ ಎದರ ಹಾಕ್ಕೊಂಡು ಈ ಕೂಸಿನ ಕಡೆ ಮಾತಾಡ್ತಾರೇನ್ರೀ?”

ಮುರಗೆಪ್ಪನ ಮುಖ ಕೆಂಪಾಯಿತು. “ಕಸಾ ಹೊಡಿಯಾಕಿ ಕಸಾ ಹೊಡಿ. ನಮ್ಮ ಮನಿ ಮಾತು ನಿನಗ್ಯಾಕ ಬೇ?”

ಅನಸವ್ವ ಬಾಗಿ ಕೊಡ ಎತ್ತಿಕೊಂಡಳು. ಎತ್ತಿಕೊಳ್ಳುವಾಗ ಕಾವೇರಿಗೆ ಕೇಳುವಷ್ಟೇ ದನಿಯಲ್ಲಿ ಅಂದಳು: “ಸಹಿ ಮಾಡೂ ಮುಂದ ‘ಓದಿ ಹೇಳ್ರಿ’ ಅನ್ನು. ಅಷ್ಟ ಅನ್ನು, ನಮ್ಮವ್ವಾ.”

ಹತ್ತೂವರೆಗೆ ಬೇವಿನ ಮರದ ಕೆಳಗೆ ವಕೀಲರು ವಕಾಲತ್ತಿನ ಕಾಗದ ತೆಗೆದರು. ಅದರಡಿ ಇನ್ನೆರಡು ಹಾಳೆ, ಬಿಳಿ. ಅನಸವ್ವ ಇಪ್ಪತ್ತು ಹೆಜ್ಜೆ ದೂರದಲ್ಲಿ ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು.

“ಓದಿ ಹೇಳ್ರಿ,” ಎಂದಳು ಕಾವೇರಿ.

ವಕೀಲರು ನಕ್ಕರು. “ಮಗಳ ಸಮಾನ ನೀನು. ನನ್ನ ಮ್ಯಾಲ ವಿಶ್ವಾಸ ಇಲ್ಲೇನು?”

“ಐತ್ರಿ. ಆದ್ರೂ ಓದ್ರಿ. ಖಾಲಿ ಇದ್ದದ್ದನ್ನೂ ಓದ್ರಿ.”

ಆ ಮೇಲಿನದು ಗದ್ದಲ. ಮುರಗೆಪ್ಪ ಸೊಸೆಯ ಕೈಗೆ ಪೆನ್ನು ತುರುಕಿದ, ಅವಳು ಬಿಟ್ಟಳು, ಅದು ಮಣ್ಣಿಗೆ ಬಿತ್ತು. “ನಾಕು ಮಂದ್ಯಾಗ ನನ್ನ ಮಾನಾ ಕಳದಿ. ಇನ್ನ ನಿನ್ನ ಕೇಸು ನಿನಗ, ನಮ್ಮ ಬಾಗಿಲಕ್ಕ ಬರಬ್ಯಾಡ,” ಎಂದು ಅವನು ಒಬ್ಬನೇ ಬಸ್ ನಿಲ್ದಾಣದ ಕಡೆ ನಡೆದ. ತಂದೆಯಿಲ್ಲದ ಕಾವೇರಿಗೆ ತವರಿನಲ್ಲಿದ್ದ ಗಂಡುದಿಕ್ಕು ಅವನೊಬ್ಬನೇ. ವಕೀಲರು ಹೋಗುವ ಮುನ್ನ ಅನಸವ್ವನನ್ನು ಒಂದು ಸಲ ನೋಡಿದರು. ಆ ನೋಟದ ಅರ್ಥ ಆಕೆಗೆ ಗೊತ್ತು. ನಾಳೆಯೇ ಗುಮಾಸ್ತರ ಕರೆ ಬಂದರೂ ಬರಬಹುದು.

ಅನಸವ್ವ ಕಾವೇರಿಗೆ ನೀರು ಕೊಟ್ಟು ಹಿಂದಿನ ಬೆಂಚಿನ ಮಾತು ಹೇಳಿದಳು. ಹೆಸರು ಕೂಗಿದಾಗ ಕಾವೇರಿ ಮಗುವಿನೊಂದಿಗೆ ಒಬ್ಬಳೇ ನಿಂತಳು. “ವಕೀಲರು ಇನ್ನೂ ಸಿಕ್ಕಿಲ್ರಿ. ನೋಡಿ ಹಿಡಿತೇನಿ, ಒಂದು ತಾರೀಖು ಕೊಡ್ರಿ.” ಹದಿನೈದು ದಿನ ಸಿಕ್ಕಿತು. ಹೆಂಗಸರಿಗೆ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆಂದು ನ್ಯಾಯಾಧೀಶರೇ ಹೇಳಿದರು. ಅವಳು ಹೊರಗೆ ಬರಲಿಲ್ಲ. ಹಿಂದಿನ ಬೆಂಚಿನ ಮೇಲೆ ಸಂಜೆಯವರೆಗೂ ಕೂತಳು.

ಐದು ಗಂಟೆಗೆ ಬಂದು ಅನಸವ್ವನ ಪಕ್ಕ ಕುಕ್ಕರಿಸಿದಳು. “ಅಕ್ಕಾ, ಒಬ್ಬರನ್ನ ನೋಡಿದೆ. ದಪ್ಪ ಚಸ್ಮಾದವರು. ಮಾತು ಭಾಳ ಇಲ್ಲ. ಆದ್ರ ಜಡ್ಜ್ ಸಾಹೇಬ್ರು ಏನರ ಕೇಳಿದ್ರ, ಮೊದಲ ಹಿಂದ ತಿರುಗಿ ತಮ್ಮ ಕಡೆ ಹೆಣ್ಣಮಗಳನ್ನ ಕೇಳ್ತಾರ. ಆಮ್ಯಾಲ ಉತ್ತರಾ ಕೊಡ್ತಾರ. ಮುಂಜಾನಿಂದ ಹಂಗ ಮಾಡಿದವರು ಅವರೊಬ್ಬರ.”

ಅನಸವ್ವ ಮಗುವಿನ ಮೂಗು ತನ್ನ ಸೆರಗಿನಿಂದ ಒರೆಸಿದಳು.

ರಬಕವಿಯ ಬಸ್ಸು ಹೋದ ಮೇಲೆ ಆಕೆ ಬಾಗಿಲುಗಳ ಚಿಲಕ ಹಾಕುತ್ತಾಳೆ. ಈ ಹುಡುಗಿ ಗೆಲ್ಲುತ್ತಾಳೆಯೇ ಎಂದರೆ ತಲೆ ಅಲ್ಲಾಡಿಸುತ್ತಾಳೆ. “ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ? ಸೋತರೂ ಸೋಲಬಹುದು. ಸೋದರಮಾವ ಬ್ಯಾರೆ ಬಾಗಿಲಾ ಮುಚ್ಚಿದ. ನನಗೂ ನಾಳೆ ಏನು ಕಾದೈತೋ.” ಕೊನೆಯ ಚಿಲಕ ಬಿಗಿಯಾಗಿದೆ, ಅಂಗೈಯಿಂದ ಗುದ್ದಿ ಕೂಡಿಸುತ್ತಾಳೆ. “ಆದ್ರ ಸೋತ್ರ, ತಾ ಸೋತೆ ಅಂತ ಆಕೀಗೆ ಅವತ್ತ ಗೊತ್ತಾಗ್ತೈತಿ. ನನಗ ಎರಡು ತಿಂಗಳು ಗೊತ್ತ ಇದ್ದಿದ್ದಿಲ್ರಿ. ಎರಡು ತಿಂಗಳು ನಾ ಸೋಮಲಿಂಗಗ ಅಂಗಿ ಹೊಲೀತಿದ್ದೆ.”