ಮುದಿ ಕೊಂಬೆಗೆ ಕತ್ತರಿ, ಎಳೆಯದಕ್ಕೆ ಕಾವಲು

ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆ. ಚಳಿಗಾಲವಿಡೀ ಹೆಪ್ಪುಗಟ್ಟಿ ಈಗ ಕರಗಲು ಹೊರಟ ನಮ್ಮೂರ ಆಲೂಕ್ಸ್ನೆ ಕೆರೆಯಿಂದ ಎದ್ದ ಮಂಜು ನಮ್ಮ ಬೀದಿಯ ಹಿತ್ತಿಲುಗಳಿಗೆಲ್ಲ ನುಗ್ಗಿದೆ. ಬೇಲಿ ಯಾವುದು, ಮರ ಯಾವುದು ಒಂದೂ ತಿಳಿಯದು. ನಾನಿನ್ನೂ ಕನಸಿನಲ್ಲೇ ಇದ್ದೇನೇನೋ ಅನ್ನಿಸುತ್ತದೆ. ಆ ಬಿಳುಪಿನೊಳಗಿಂದ ಕಟ್, ಕಟ್ ಅಂತ ಸದ್ದು ಬಂದರೆ ವೆಲ್ಟಕ್ಕ ಬಂದಳು ಅಂತಲೇ ಲೆಕ್ಕ.

ಕಪ್ಪು ಹುಳಿಹಣ್ಣು ಬಿಡುವ ನನ್ನ ಬ್ಲ್ಯಾಕ್‌ಕರಂಟ್ ಗಿಡದ ಬುಡದಲ್ಲಿ, ಹಿಮದ ಮೇಲೆ ಗೋಣಿಚೀಲ ಹಾಸಿ ಕೂತಿದ್ದಾಳೆ. ಕೈಗವಸಿಲ್ಲ. ಒಂದೊಂದೇ ಕೊಂಬೆಯನ್ನು ಬೆರಳಿನಿಂದ ಸವರಿ ನೋಡುತ್ತಾಳೆ.

"ಕಣ್ಣನ್ನ ನಂಬಬಾರ್ದು ಕಣೆ. ಒರಟಾಗಿ ಕರ್ರಗಿರೋದು ಮುದಿ ಕೊಂಬೆ. ನುಣ್ಣಗಿರೋದು ಹೋದ ವರ್ಷದ್ದು, ಹಣ್ಣು ಬಿಡೋದು ಅದೇ. ಮುದುಕಪ್ಪಗಳನ್ನ ಬುಡದಲ್ಲೇ ಕಳಿಸಿಬಿಡ್ಬೇಕು."

"ನಮ್ಮಂಥೋರನ್ನೂ ಹಾಗೇನಾ ಅಕ್ಕ?"

"ಬಾಯ್ಮುಚ್ಕೊಂಡು ಆ ಕಡ್ಡಿ ಹೊರೆ ಕಟ್ಟು!"

ಕಡಿದ ಕಡ್ಡಿಯ ಘಮವೇ ಘಮ! ಇನ್ನರ್ಧ ಗಂಟೆಯಲ್ಲಿ ಅದೇ ಕಡ್ಡಿ ನನ್ನ ಚಹಾದ ಪಾತ್ರೆಯಲ್ಲಿ ಕುದಿಯುತ್ತದೆ.

ವೆಲ್ಟಕ್ಕನಿಗೆ ಅರವತ್ತೇಳು. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದ ಕೈ ಅದು. ಈಗ ಹಿಮ ಕರಗತೊಡಗಿದಾಗಿನಿಂದ ಚಿಗುರು ಒಡೆಯುವವರೆಗೆ ಮೂವತ್ತೊಂದು ಮನೆಯ ಹಿತ್ತಿಲಿನ ಗಿಡ ಸವರುವ ಕೆಲಸ ಅವಳದೇ. ಬೆಳಿಗ್ಗೆಯೊಂದರಲ್ಲೇ ಇಪ್ಪತ್ತು ಗಿಡ. ಮಂಡಿ ಎರಡೂ ಹೋಗಿವೆ. ಬೇಸಿಗೆಯಲ್ಲಿ ಜಾಮ್ ತಿಂದವರೆಲ್ಲ ಜಾಮ್ ಮಾಡಿದವಳ ಕೈಗುಣ ಹೊಗಳುತ್ತಾರೆ. ಗಿಡ ಸವರಿದವಳ ಹೆಸರು ಎತ್ತುವವರಿಲ್ಲ, ನಾನೂ ಎತ್ತಿದವಳಲ್ಲ.

ಮೂವತ್ತೆರಡನೆಯ ಮನೆ ನನ್ನ ಬೇಲಿಯಾಚೆಗಿನ ಔಸ್ಮಾಜ್ಜಿಯದು. ಅಲ್ಲಿಗೆ ವೆಲ್ಟಕ್ಕ ಕಾಲಿಟ್ಟು ಹನ್ನೊಂದು ವರ್ಷವಾಯಿತು. ಕಾರಣ ಅವಳೇ ಹೇಳುತ್ತಾಳೆ.

"ಕೆಂಪು ಕರಂಟ್ ಸವರಿ ಅಭ್ಯಾಸ ಇತ್ತು ನಂಗೆ. ಅದಕ್ಕೆ ಹಳೇ ಕೊಂಬೇನೇ ಉಳಿಸ್ಬೇಕು. ಅಜ್ಜಿ ಮನೆ ಕಪ್ಪು ಕರಂಟೂ ಹಂಗೇ ಅಂದ್ಕೊಂಡು ಎಳೇದನ್ನೆಲ್ಲ ಬೋಳಿಸ್ಬಿಟ್ಟೆ. ಎಂಥಾ ಕೆಲಸ ಮಾಡ್ದೆ ನೋಡು!"

ಆ ಬೇಸಿಗೆ ಔಸ್ಮಾಜ್ಜಿಯ ನಾಲ್ಕು ಗಿಡದಿಂದ ಒಂದು ಲೋಟ ಹಣ್ಣೂ ಸಿಗಲಿಲ್ಲ. ಗಂಡ ಓಲ್ಗೆರ್ಟ್ಸ್ ಹಾಸಿಗೆ ಹಿಡಿದಿದ್ದರು. ಏನೂ ಸೇರುತ್ತಿರಲಿಲ್ಲ, ತಮ್ಮ ಹಿತ್ತಿಲಿನ ಕರಂಟ್ ಹಣ್ಣಿನ ಗಂಜಿ ಮಾತ್ರ ಕೇಳುತ್ತಿದ್ದರು. ಅದು ಸಿಗದೆಯೇ ಶರತ್ಕಾಲದಲ್ಲಿ ತೀರಿಹೋದರು. "ನನ್ನ ಬೇಲಿ ದಾಟ್ಬೇಡ" ಅಂದರು ಅಜ್ಜಿ. ಅದೇ ಕೊನೆ, ಆಮೇಲೆ ಮಾತಿಲ್ಲ.

ಕೆಲಸ ಕಲಿತಿದ್ದೇ ಆ ಸಂಕಟದಿಂದ ಅನ್ನುತ್ತಾಳೆ ವೆಲ್ಟಕ್ಕ. ಅಷ್ಟರಲ್ಲಿ ಮಂಜಿನಾಚೆ ಊರುಗೋಲಿನ ಸದ್ದು. ಬೇಲಿಯ ಮೇಲೆ ಎಂಬತ್ತನಾಲ್ಕರ ಔಸ್ಮಾಜ್ಜಿಯ ಮುಖ.

"ಏ ವೆಲ್ಟಾ, ನನ್ನ ಗಿಡ ಕಾಡಾಗಿದೆ. ಬಾ."

ವೆಲ್ಟಕ್ಕ ಕತ್ತರಿ ಕೆಳಗಿಡುತ್ತಾಳೆ.

"ಈ ಸಲಾನೂ ಕೆಡಿಸ್ಬಿಟ್ರೆ ಅಜ್ಜಿ?"

"ಕೆಡಿಸೋಕೆ ಅಲ್ಲೇನುಳಿದಿದೆ? ಹನ್ನೊಂದು ವರ್ಷ ಅಡುಗೆಮನೆ ಕಿಟಕೀಲಿ ನಿಂತು ನಿನ್ನ ಕೈನೇ ನೋಡಿದೀನಿ. ಕಲ್ತಿದೀಯ."

ವೆಲ್ಟಕ್ಕ ಕತ್ತರಿ, ಗೋಣಿಚೀಲ ಎತ್ತಿಕೊಂಡು ಬೇಲಿಯಾಚೆ ಹೋಗುತ್ತಾಳೆ. ಇಪ್ಪತ್ತು ಗಿಡ ಮುಗಿಸುವ ಹೊತ್ತು ಆ ನಾಲ್ಕಕ್ಕೇ ಹಿಡಿಯುತ್ತದೆ. ಪ್ರತಿ ಕೊಂಬೆಗೂ "ಇದು?" ಅಂತ ತಲೆಯೆತ್ತಿ ಕೇಳುತ್ತಾಳೆ. ಅಜ್ಜಿ ಬಗ್ಗಿ ಮುಟ್ಟಿ ನೋಡಿ "ಕಡಿ" ಅನ್ನುತ್ತಾರೆ, ಇಲ್ಲವೇ "ಇರ್ಲಿ" ಅನ್ನುತ್ತಾರೆ. ಮಂಜು ಕರಗುವಷ್ಟರಲ್ಲಿ ಗಿಡದ ನಡುವೆ ಬೆಳಕು ಬಿದ್ದಿದೆ.

ಹೊರಡುವಾಗ ಕೇಳುತ್ತೇನೆ, "ಈ ಗಿಡ ಹಣ್ಣು ಬಿಟ್ರೆ ನಿನಗೇನು ಆಸೆ ಅಕ್ಕ?"

ವೆಲ್ಟಕ್ಕ ಕತ್ತರಿಯನ್ನು ಅಂಗಿಯ ಅಂಚಿಗೆ ಒರೆಸುತ್ತಾಳೆ.

"ಜುಲೈನಲ್ಲಿ ಎಲ್ಲರೂ ಸಮಾಧಿಗಳಿಗೆ ಹೂವಿಡೋಕೆ ಹೋಗ್ತಾರಲ್ಲ, ಆವತ್ತು ಅಜ್ಜಿ ಜೊತೆ ಓಲ್ಗೆರ್ಟ್ಸ್ ಹತ್ರ ಹೋಗ್ಬೇಕು. ಕೈಲಿ ಒಂದು ಬಟ್ಟಲು ಹಣ್ಣಿರ್ಬೇಕು. 'ತಡ ಆಯ್ತು ಕಣಪ್ಪ, ತಗೋ' ಅನ್ಬೇಕು."